ಮಂಗಟ್ಟೆ ಮುದ್ರೆಯ ರೇನ್‌ಕೋಟು

ಕಂತು ಹನ್ನೊಂದು

"ಶಟರ್ ಪೂರ್ತಿ ಎಳಿ ಸರೋಜಾ. ಒಂದು ಗೆರೆ ಬೆಳಕೂ ಒಳಗೆ ಬರಬಾರದು."

ಹೆಡ್ ಕಾನ್‌ಸ್ಟೇಬಲ್ ಸರೋಜ ಜೀಪ್ ಶೆಡ್ಡಿನ ಶಟರನ್ನು ದಡದಡನೆ ಕೆಳಗೆಳೆದಳು. ಹೊರಗೆ ಮಧ್ಯಾಹ್ನ. ಪುಷ್ಯ ಮಳೆ ಹಿಡಿದ ಕೊಪ್ಪದಲ್ಲಿ ಅದು ಮಧ್ಯಾಹ್ನವೆಂದು ಗಡಿಯಾರ ನೋಡಿದವರಿಗಷ್ಟೇ ಗೊತ್ತಾಗುತ್ತಿತ್ತು, ಆ ಮಾತು ಬೇರೆ.

ಗೋಡೆಯ ಮೊಳೆಗೆ ಒಂದು ಹಸಿರು ರೇನ್‌ಕೋಟು ಬೆನ್ನು ತೋರಿಸಿಕೊಂಡು ನೇತಾಡುತ್ತಿತ್ತು. ಸರೋಜ ಅದನ್ನು ಅದೇ ಬೆಳಿಗ್ಗೆ ಶೃಂಗೇರಿಯ ಮಳಿಗೆಯಲ್ಲಿ, ಸೀರೆ ಉಟ್ಟು, ದೇವರಿಗೆ ಬಂದ ಗೃಹಿಣಿಯ ಹಾಗೆ ಚೌಕಾಸಿ ಮಾಡಿ ಕೊಂಡು ತಂದಿದ್ದಳು. ಚೌಕಾಸಿಯಲ್ಲಿ ಒಂದು ಟೋಪಿಯನ್ನೂ ಪುಕ್ಕಟೆ ಗಿಟ್ಟಿಸಿದ್ದಳು. ಆ ಟೋಪಿಯ ಬಗ್ಗೆ ಅವಳಿಗೆ ಇಡೀ ಕೇಸಿಗಿಂತ ಹೆಚ್ಚು ಹೆಮ್ಮೆ.

ಇನ್‌ಸ್ಪೆಕ್ಟರ್ ಸರ್ವಮಂಗಳಾ ಟಾರ್ಚು ಹೊತ್ತಿಸಿದಳು.

ಕೋಟಿನ ಬೆನ್ನಿನ ಅಡ್ಡಪಟ್ಟಿ ಫಳಾರನೆ ಹೊಳೆಯಿತು. ಮೂಲೆಯಲ್ಲಿ ಪೇರಿಸಿಟ್ಟ ಹಳೇ ಟೈರುಗಳೂ ಕಂಡವು.

"ಇದು ಹೊಳೀಬಾರದಲ್ಲ ಮೇಡಂ?"

"ಹೊಳೀಬಾರದು. ಅಂಗಡೀಲಿ ಮಾರೋ ಕೋಟಿಗೆ ಈ ಪಟ್ಟಿಯೇ ಇರಬಾರದು."

ಇಬ್ಬರ ತಲೆಯಲ್ಲೂ ಓಡುತ್ತಿದ್ದ ಹೆಸರು ಒಂದೇ. ಕಾಂತೇಶ.

ಭಂಡಿಗಡಿ ರಸ್ತೆಯಲ್ಲಿ ಮುಸ್ಸಂಜೆ ಹೊತ್ತು ಕಾಳುಮೆಣಸಿನ ಪಿಕಪ್ಪನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಚಾಲಕ ಕೃಷ್ಣಪ್ಪನನ್ನು ಇಳಿಸಿ, ಗಾಡಿ ಸಮೇತ ಮೂಟೆಗಳನ್ನು ಹೊಡೆದುಕೊಂಡು ಹೋದವನು ತೊಟ್ಟಿದ್ದು ಇಂಥದ್ದೇ ಹಸಿರು ಕೋಟು. ಕೃಷ್ಣಪ್ಪ ಮುಖ ನೋಡಿರಲಿಲ್ಲ. ಆದರೆ ಎದೆಯ ಮೇಲೆ ಘಟ್ಟ ಕಾವಲು ಪಡೆಯ ಗುರುತಾದ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಮುದ್ರೆ ನೋಡಿದ್ದ. ದೋಚಿದವನು ತಿರುಗಿದಾಗ ಬೆನ್ನಿನ ಪಟ್ಟಿ ಹೆಡ್‌ಲೈಟಿಗೆ ಕಣ್ಣು ಕೋರೈಸುವ ಹಾಗೆ ಹೊಳೆದದ್ದನ್ನೂ ನೋಡಿದ್ದ. ಪೊಲೀಸರೇ ಎಂದು ತಾನೇ ಗಾಡಿ ನಿಲ್ಲಿಸಿದೆ ಎಂದು ಹೇಳಿಕೆಯಲ್ಲಿ ಹೇಳಿ, ಆಮೇಲೆ ಅತ್ತುಬಿಟ್ಟಿದ್ದ.

ಹೊಳೆಯುವ ಪಟ್ಟಿ ಇರುವುದು ಪಡೆಯವರಿಗೆ ಕೊಡುವ ಕೋಟಿಗೆ ಮಾತ್ರ. ಆ ಸಂಜೆ ಆ ರಸ್ತೆಯ ಗಸ್ತು ಕಾನ್‌ಸ್ಟೇಬಲ್ ಕಾಂತೇಶನದು. ನಿನ್ನ ಹಸಿರು ಕೋಟು ತೋರಿಸಪ್ಪ ಎಂದರೆ ಅವನ ಹತ್ತಿರ ಅದಿಲ್ಲ. ಇನ್ನೇನು ಬೇಕು? ಅವನನ್ನು ಅಮಾನತಿನಲ್ಲಿಟ್ಟಿದ್ದರು. ನಾಳೆ ನಾಡಿದ್ದರಲ್ಲಿ ಬಂಧಿಸುವ ಮಾತೂ ಇತ್ತು.

ಘಟ್ಟ ಕಾವಲು ಪಡೆ ಎಂದರೆ ಹೊಳೆ ಉಕ್ಕಿದಾಗ, ಗುಡ್ಡ ಜರಿದಾಗ, ಕಾಡುರಸ್ತೆಯಲ್ಲಿ ಯಾರಾದರೂ ಕಾಣೆಯಾದಾಗ ಓಡುವ ಪೊಲೀಸರು. ಊರವರ ಬಾಯಲ್ಲಿ ಬರೀ ಘಟ್ಟಪಡೆ. ಎರಡು ವರ್ಷದ ಹಿಂದಿನ ನೆರೆಯಲ್ಲಿ ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿದು ಒಂದು ಬಸ್ಸು ತುಂಬ ಜನರನ್ನು ದಡಕ್ಕೆ ತಂದ ಮೇಲಂತೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಿಗೆಲ್ಲ ಮಂಗಟ್ಟೆ ಹಕ್ಕಿಯ ಟೋಪಿಯೇ ಬೇಕು. ಬೀದಿಯಲ್ಲಿ ನಕಲಿ ಟೋಪಿ ಬರುವ ಮೊದಲು ನಾವೇ ಅಸಲಿ ಮಾರೋಣ ಎಂದು ಪಡೆ ಗುತ್ತಿಗೆ ಕೊಟ್ಟಿತು. ಟೋಪಿ, ಕೊಡೆ, ಕಾಫಿ ಲೋಟ, ರಕ್ತ ಹೀರುವ ಉಂಬಳ ಹತ್ತದಂಥ ಕಾಲುಚೀಲ, ಈ ವರ್ಷದಿಂದ ಹಸಿರು ರೇನ್‌ಕೋಟು. ಬಂದ ಪಾಲು ಗಾಯಗೊಂಡ ಸಿಬ್ಬಂದಿಯ ನಿಧಿಗೆ. ಯಾವ ಊರಿನ ಪೊಲೀಸರ ಮುದ್ರೆಯನ್ನು ಜನ ದುಡ್ಡು ಕೊಟ್ಟು ಎದೆಯ ಮೇಲೆ ಹಾಕಿಕೊಳ್ಳುತ್ತಾರೆ ಹೇಳಿ. ಸರ್ವಮಂಗಳಾಗೆ ಅದನ್ನು ನೆನೆದಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಹಾಗಿರುವಾಗ ಮೆಣಸೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಸುಬ್ಬರಾಯರಿಂದ ಒಂದು ಮಾಹಿತಿ ಹಕ್ಕು ಅರ್ಜಿ ಬಂದಿತ್ತು. ಪಡೆಯ ಮುದ್ರೆ ಹಾಕಿ ಮಾರುವ ಸಾಮಾನಿನ ಗುತ್ತಿಗೆ ಯಾರಿಗೆ, ಷರತ್ತುಗಳೇನು, ಆದಾಯವೆಷ್ಟು, ಎಲ್ಲಿಗೆ ಹೋಯಿತು ಎಂದು. ಮಾಹಿತಿ ಅಧಿಕಾರಿಯಾದ ಸರ್ವಮಂಗಳಾ ಉತ್ತರವನ್ನು ಲಕೋಟೆಯಲ್ಲಿ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅವಳು ಹಾಗೆ ಮಾಡದೆ ಕೊಪ್ಪದ ಸಮುದಾಯ ಭವನದಲ್ಲಿ ಎಲ್ಲರೆದುರು ಓದುತ್ತೇನೆಂದು ಡಂಗುರ ಹೊಡೆಸಿದ್ದಳು. ಮುಚ್ಚಿಡಲು ಏನೂ ಇಲ್ಲದವರು ಮೆಲ್ಲಗೆ ಯಾಕೆ ಮಾತಾಡಬೇಕು ಎಂಬುದು ಅವಳ ವಾದ.

ಆ ಓದು ನಾಳೆಯೇ ಇತ್ತು. ಶೆಡ್ಡಿನಲ್ಲಿ ಕೋಟು ಹೊಳೆದದ್ದು ಇವತ್ತು.

"ಮಾರೋ ಕೋಟಿಗೆ ಪಟ್ಟಿ ಇರಬಾರದು ಅನ್ನೋ ಷರತ್ತು ಓದಿದ್ರೆ ಕಾಂತೇಶ ಉಳೀತಾನೆ," ಎಂದಳು ಸರೋಜ. "ಅಂಗಡಿ ಕೋಟೂ ಹೊಳೀತದೆ ಅಂತಾದ್ರೆ ದೋಚಿದವ ಯಾರೂ ಆಗಬಹುದು. ಆದ್ರೆ ಪಡೆ ಮರ್ಯಾದೆ ಹೋಗ್ತದೆ ಮೇಡಂ. ಕಳ್ಳನಿಗೆ ಪೊಲೀಸ್ ವೇಷ ನಾವೇ ಮಾರಿದ್ವಿ ಅಂತಾಗ್ತದೆ."

ಸರ್ವಮಂಗಳಾ ಕೋಟನ್ನು ಮಡಚಿ ಕಂಕುಳಿಗಿಟ್ಟುಕೊಂಡು ಜೀಪು ತೆಗೆಯಲು ಹೇಳಿದಳು.

ಹೊರಡುವ ಮೊದಲು ಕಾಂತೇಶನನ್ನು ಇನ್ನೊಮ್ಮೆ ಕರೆಸಿ ಕೇಳಿದಳು. ಬಾಳೆಹೊನ್ನೂರಿನ ಕಡೆಯ ಹುಡುಗ, ಅವಳ ಊರಿನವನೇ. ನೆರೆಯ ದಿನ ಹಗ್ಗದ ಮೊದಲ ತುದಿಯಲ್ಲಿದ್ದವನು. ಕೋಟು ಕಳೆದುಹೋಯಿತು ಎಂದ. ಎಲ್ಲಿ ಎಂದರೆ ನೆನಪಿಲ್ಲ ಎಂದ. ಸುಳ್ಳು ಹೇಳಿ ರೂಢಿಯಿಲ್ಲದವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಅವನ ಕಿವಿ ಕೆಂಪಾಗಿತ್ತು. ಅವಳಿಗೆ ಸಿಟ್ಟು ಬಂತು. ಜೈಲಿಗೆ ಹೋಗುವುದು ಗೊತ್ತಿದ್ದೂ ಬಾಯಿ ಬಿಡದವನು ಯಾರನ್ನೋ ಕಾಪಾಡುತ್ತಿರಬೇಕು. ಯಾರನ್ನು?

ನರಸಿಂಹರಾಜಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಉಮಾಮಹೇಶ್ವರನ ಮಳಿಗೆ. ಪಡೆಯ ಗುತ್ತಿಗೆದಾರ ಅವನೇ, ಈ ವರ್ಷ ಸಿಬ್ಬಂದಿಗೆ ಹಸಿರು ಕೋಟು ಒದಗಿಸಿದವನೂ ಅವನೇ. ಬಾಗಿಲಿಗೆ ಆಳೆತ್ತರದ ಮಂಗಟ್ಟೆ ಹಕ್ಕಿಯ ಚಿತ್ರ, ಒಳಗೆ ಕೊಡೆ ಕೋಟುಗಳ ಸಾಲು. ಮೂಲೆಯಲ್ಲಿ ಕಪ್ಪು ಪರದೆ ಕಟ್ಟಿದ ಸಣ್ಣ ಗೂಡು. ಕೊಳ್ಳಲು ಬಂದ ಗಂಡ ಹೆಂಡತಿ ಅದರೊಳಗೆ ನುಗ್ಗಿ ಮೊಬೈಲ್ ಟಾರ್ಚು ಬಿಟ್ಟು ಕೋಟಿನ ಪಟ್ಟಿ ಹೊಳೆಯುವುದನ್ನು ನೋಡಿ ನಗುತ್ತ ಹೊರಬಂದರು.

ಕದ್ದುಮುಚ್ಚಿ ಮಾಡುವ ಕೆಲಸವೇ ಆಗಿರಲಿಲ್ಲ ಅದು. ಪರದೆ ಕಟ್ಟಿ ಪ್ರದರ್ಶನಕ್ಕಿಟ್ಟಿದ್ದ ಪುಣ್ಯಾತ್ಮ.

ಉಮಾಮಹೇಶ್ವರ ಎದ್ದು ನಿಂತು ಕೈ ಮುಗಿದ. ಐವತ್ತು ದಾಟಿದ ಮನುಷ್ಯ, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಬೆಲ್ಲ. ಕಾಫಿ ತರಿಸಿದ. ಮಳೆಯ ಬಗ್ಗೆ, ರಸ್ತೆಯ ಬಗ್ಗೆ ವಿಚಾರಿಸಿದ. ಸರ್ವಮಂಗಳಾ ಕಾಫಿ ಮುಟ್ಟದೆ ಕೋಟನ್ನು ಮೇಜಿನ ಮೇಲೆ ಹರವಿದಳು.

"ಷರತ್ತು ಓದಿದೀರಲ್ಲ? ಮಾರೋ ಕೋಟಿಗೆ ಪಟ್ಟಿ ಹಾಕಬಾರದು ಅಂತ ಸ್ಪಷ್ಟವಾಗಿದೆ."

"ಜನ ಕೇಳ್ತಾರೆ ಮೇಡಂ. ಪೊಲೀಸರದ್ದು ಹೊಳೀತದೆ, ನಮ್ಮದು ಯಾಕೆ ಇಲ್ಲ ಅಂತಾರೆ. ಪೇಟೆ ಗಿರಾಕಿ ಅಂದ್ರೆ ಸುಮ್ನೆ ಅಲ್ಲ. ಟಾರ್ಚ್ ಬಿಟ್ಟು ನೋಡ್ತಾನೆ, ಮನೆಗೆ ಹೋಗಿ ತೊಳೆದು ನೋಡ್ತಾನೆ, ಪಟ್ಟಿ ಮಾಸಿದ್ರೆ ಮಾರನೇ ದಿನ ಬಂದು ಮುಖಕ್ಕೆ ಎಸೀತಾನೆ. ಅಂಥವರಿಗೆ ಒಳ್ಳೇ ಮಾಲೇ ಕೊಡಬೇಕಲ್ಲ."

ಆ ಮಾತಿನಲ್ಲಿ ಏನೋ ಒಂದು ಅವಳನ್ನು ಚುಚ್ಚಿತು. ಏನೆಂದು ಆಗ ಹೊಳೆಯಲಿಲ್ಲ.

ಈ ಕೋಟು ತೊಟ್ಟವನೊಬ್ಬ ದಾರಿಯಲ್ಲಿ ಗಾಡಿ ದೋಚಿದ್ದಾನೆ, ಅದಕ್ಕೆ ನಮ್ಮ ಹುಡುಗ ಬಲಿಯಾಗುತ್ತಿದ್ದಾನೆ, ನಾಳೆ ನಾನು ಈ ಷರತ್ತನ್ನು ಮೈಕಿನಲ್ಲಿ ಓದುತ್ತೇನೆ ಎಂದು ಅವಳು ಹೇಳಿದಳು. ಉಮಾಮಹೇಶ್ವರನ ಮುಖದ ಬೆಲ್ಲ ಕರಗಲಿಲ್ಲ. ಅವನು ತನ್ನ ಲೋಟದ ಕಾಫಿ ಮುಗಿಸಿ, ಬಾಯಿ ಒರೆಸಿಕೊಂಡು, ಬಹಳ ಮೆಲ್ಲಗೆ ಮಾತಾಡಿದ.

"ಓದಿ ಮೇಡಂ. ಓದಿದ ಮಾರನೇ ದಿನ ಗುತ್ತಿಗೆ ರದ್ದಾಗ್ತದೆ. ನಿಧಿಗೆ ಬರೋ ದುಡ್ಡೂ ನಿಲ್ತದೆ. ಶಿವಮೊಗ್ಗದ ಆಸ್ಪತ್ರೇಲಿ ನಿಮ್ಮ ರಾಕೇಶ ಉಸಿರಾಡ್ತಿರೋದು ಯಾರ ದುಡ್ಡಲ್ಲಿ ಅಂತ ನಿಮಗೆ ಗೊತ್ತು."

ಇದು ತಾಗಿತು. ತಾಗಬೇಕಾದ ಕಡೆಯೇ ತಾಗಿತು.

ರಾಕೇಶ ಪಡೆಗೆ ಈ ವರ್ಷವಷ್ಟೇ ಸೇರಿದ ಕಾನ್‌ಸ್ಟೇಬಲ್. ಶೃಂಗೇರಿ ರಸ್ತೆಯ ತಿರುವಿನಲ್ಲಿ ಬಿದ್ದ ಮರ ತೆರವು ಮಾಡಿಸಲು ಕಾವಲು ನಿಂತಿದ್ದವನಿಗೆ ಸಂಜೆಗತ್ತಲಲ್ಲಿ ಲಾರಿ ಬಡಿದಿತ್ತು. ಅಂದಿನಿಂದ ಅವನಿಗೆ ಪ್ರಜ್ಞೆ ಬಂದಿರಲಿಲ್ಲ. ಅಲ್ಲಿ ಯಾರೂ ಕಾಣಲೇ ಇಲ್ಲ ಎಂದು ಲಾರಿ ಚಾಲಕ ಗೋಳಾಡಿದ್ದ. ಹೊಳೆಯುವ ಕೋಟು ತೊಟ್ಟವನು ಕಾಣದಿರುವುದುಂಟೇ, ಕುಡಿದಿದ್ದೀಯ ಎಂದು ಅವನನ್ನು ಒಳಗೆ ಹಾಕಿದ್ದರು. ರಾಕೇಶನ ಔಷಧಿಯ ಖರ್ಚು ಹೋಗುತ್ತಿದ್ದುದು ಇದೇ ಟೋಪಿ ಕೋಟುಗಳ ನಿಧಿಯಿಂದ.

ಸರ್ವಮಂಗಳಾ ಕೋಟನ್ನು ಮಡಚಿದಳು. ಅವಸರವಿಲ್ಲದೆ ಮಡಚಿದಳು, ತೋಳು ಒಳಗೆ, ಕಾಲರು ಮೇಲೆ.

"ನೆರೆ ಬಂದಾಗ ನಮ್ಮ ಹುಡುಗರು ನಿಧಿ ಇದೆಯಾ ಇಲ್ವಾ ಅಂತ ನೋಡಿ ನೀರಿಗೆ ಇಳೀಲಿಲ್ಲ. ರಾಕೇಶನನ್ನ ನಾವು ಸಾಕ್ತೀವಿ. ನಮ್ಮ ಸಂಬಳದಲ್ಲಿ ಸಾಕ್ತೀವಿ. ನಾಳೆ ಬನ್ನಿ, ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ನಿಮ್ಮ ಹೆಸರು ಕೇಳೋ ಹಾಗೆ ಓದ್ತೀನಿ."

ಇಬ್ಬರೂ ಜೀಪು ಹತ್ತಿದರು. ಸರೋಜ ವೈಪರಿನ ಮೇಲೆ ಕಣ್ಣಿಟ್ಟು ಗಾಡಿ ಓಡಿಸಿದಳು.

ಪಡೆಯ ಮುಖ್ಯಸ್ಥ ಯಶವಂತರು ಆಗ ಬೆಂಗಳೂರಿನಲ್ಲಿದ್ದರು. ಗುತ್ತಿಗೆಗೆ ಸಹಿ ಅವರದೇ. ದಾರಿಯಲ್ಲೇ ಫೋನು ಮಾಡಿ ಇದ್ದದ್ದನ್ನೆಲ್ಲ ಹೇಳಿದಳು. ಮುಂದೂಡಿ ಎನ್ನುತ್ತಾರೆ, ಇಲ್ಲವೇ ಆ ಒಂದು ಷರತ್ತು ಬಿಟ್ಟು ಓದಿ ಎನ್ನುತ್ತಾರೆ ಎಂದುಕೊಂಡಿದ್ದಳು.

"ಸಹಿ ನಂದು," ಎಂದರು ಯಶವಂತರು. "ಓದುವಾಗ ನನ್ನ ಹೆಸರನ್ನ ನುಂಗಬೇಡಿ."

ಮರುದಿನ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರೂ ತಾಲೂಕಿನಿಂದ ಜನ ಬಂದಿದ್ದರು. ಕೊಡೆಗಳು ಬಾಗಿಲ ಬಳಿ ರಾಶಿ ಬಿದ್ದಿದ್ದವು. ಕೋಟು ತೊಟ್ಟವರು ಕೋಟಿನಲ್ಲೇ ಕೂತಿದ್ದರು. ಉಮಾಮಹೇಶ್ವರ ನಿಜಕ್ಕೂ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ. ಅವನ ಧೈರ್ಯಕ್ಕೆ ಮೆಚ್ಚಬೇಕು. ಪಡೆಯವರು ಗೋಡೆಯ ಗುಂಟ ನಿಂತಿದ್ದರು. ಕಾಂತೇಶ ಸಮವಸ್ತ್ರವಿಲ್ಲದೆ ಹಿಂದಿನ ಕಂಬಕ್ಕೆ ಒರಗಿದ್ದ.

ಸರ್ವಮಂಗಳಾ ಓದಿದಳು. ಗುತ್ತಿಗೆ ಯಾರಿಗೆ, ಸಹಿ ಯಾರದು, ಪಾಲು ಎಷ್ಟು. ಎರಡು ವರ್ಷದಲ್ಲಿ ನಿಧಿಗೆ ಬಂದದ್ದು ಮೂವತ್ತೆಂಟು ಲಕ್ಷ. ಅದರಲ್ಲಿ ಯಾರ ಕಾಲಿಗೆ ಆಪರೇಷನ್ ಆಯಿತು, ಯಾರ ಮಗಳ ನರ್ಸಿಂಗ್ ಓದಿಗೆ ಹೋಯಿತು, ರಾಕೇಶನ ಆಸ್ಪತ್ರೆಗೆ ಎಷ್ಟು. ಒಂದು ಪೈಸೆಯೂ ಯಾರ ಜೇಬಿಗೂ ಹೋಗಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ ನಮ್ಮ ಪಡೆ ಮಾರಾಯ, ನಮ್ಮ ಪಡೆ ಎಂದರು. ಅವಳು ನೀರು ಕುಡಿದು ಮುಂದಿನ ಪುಟ ತಿರುವಿದಳು. ಈಗ ಓದಬೇಕಾದದ್ದು ಪಟ್ಟಿಯ ಷರತ್ತು.

ಅದನ್ನೂ ಅದೇ ಧ್ವನಿಯಲ್ಲಿ ಓದಿದಳು. ಓದಿ, ಕಿಟಕಿ ಮುಚ್ಚಿಸಿ, ಬಾಗಿಲ ಬಳಿಯದೊಂದು ಬಿಟ್ಟು ದೀಪಗಳನ್ನೆಲ್ಲ ಆರಿಸಿ, ಶೃಂಗೇರಿಯಲ್ಲಿ ಕೊಂಡ ಕೋಟಿನ ಮೇಲೆ ಟಾರ್ಚು ಬಿಟ್ಟಳು. ಪಟ್ಟಿ ಉರಿದೆದ್ದಿತು.

"ಇದು ಅಂಗಡಿ ಕೋಟು. ಇದಕ್ಕೆ ಈ ಪಟ್ಟಿ ಇರಬಾರದಿತ್ತು. ನಾವು ಪರೀಕ್ಷೆ ಮಾಡಲಿಲ್ಲ, ತಪ್ಪು ನಮ್ಮದು. ಭಂಡಿಗಡಿ ರಸ್ತೇಲಿ ಕೃಷ್ಣಪ್ಪನವರನ್ನ ತಡೆದವನು ಇದನ್ನ ದುಡ್ಡು ಕೊಟ್ಟು ಕೊಂಡಿರಬಹುದು."

ಗುಜುಗುಜು ಎದ್ದಿತು. ಕೃಷ್ಣಪ್ಪ ತಲೆ ಕೆರೆದುಕೊಂಡ. ಹಾಗಂತ ಕಾಂತೇಶನೂ ಅಲ್ಲ ಎಂದಾಗುವುದಿಲ್ಲವಲ್ಲ, ಅವನ ಕೋಟು ಎಲ್ಲಿ ಎಂದು ಯಾರೋ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಆಗ ನಡುವಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದ. ಬಾಳೆಹೊನ್ನೂರಿನ ಪಕ್ಕದ ಹಳ್ಳಿಯ ಲಿಂಗಪ್ಪ. ಮೈಮೇಲೆ ಹಸಿರು ಕೋಟು. ಹಿಂದೆ ಕಂಬದ ಬಳಿಯಿಂದ ಕಾಂತೇಶ ಮಾವಾ, ಬೇಡ, ಕೂತ್ಕಳಿ ಎಂದು ಅಂಗಲಾಚಿದ. ಮುದುಕ ಆ ಕಡೆ ತಿರುಗಿಯೂ ನೋಡಲಿಲ್ಲ.

"ಕಾಂತೇಶ ನನ್ನ ಅಳಿಯ," ಎಂದ ಲಿಂಗಪ್ಪ. "ಈ ಕೋಟು ಅವಂದು. ಹೊಸಾದು ಬಂದ ದಿನವೇ ತಂದು ನಂಗೆ ಹಾಕ್ಸಿದ. ನಾನು ಇದನ್ನ ಹಾಕ್ಕಂಡೇ ಗದ್ದೆಗೆ ಹೋಗ್ತೀನಿ, ಸಂತೆಗೂ ಹೋಗ್ತೀನಿ. ಅಳಿಯ ಘಟ್ಟಪಡೆಯವ್ನು ಅಂತ ನಾಕು ಜನ ನೋಡ್ಲಿ ಅಂತ. ಇದು ತಪ್ಪು ಅಂತ ನಂಗೆ ಯಾರೂ ಹೇಳ್ಲಿಲ್ಲ ತಾಯಿ. ಅವನೂ ಹೇಳ್ಲಿಲ್ಲ."

ಸರ್ವಮಂಗಳಾಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಅರ್ಥವಾಗಲು ಇಷ್ಟು ದಿನ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು. ಪಡೆಯಲ್ಲಿ ಇದನ್ನು ಮಾಡದವರು ಯಾರಿದ್ದಾರೆ? ಮಳೆಗಾಲಕ್ಕೆ ಹೊಸ ಕೋಟು ಬಂದ ಕೂಡಲೇ ಅದು ಹೋಗುವುದು ಅಪ್ಪನಿಗೆ, ಮಾವನಿಗೆ, ಅಣ್ಣನಿಗೆ. ತಮಗೆ ಹೋದ ವರ್ಷದ ನೀಲಿ ಕೋಟೇ ಸಾಕು. ಸರಕಾರದ ಸಾಮಾನು ಹಾಗೆ ಕೊಡುವುದು ಅಪರಾಧ, ನೌಕರಿಗೇ ಸಂಚಕಾರ. ಆದರೆ ಮಗ ತೊಟ್ಟ ಮುದ್ರೆಯನ್ನು ಅಪ್ಪ ತೊಟ್ಟು ಬೀದಿಯಲ್ಲಿ ನಡೆಯುವ ಸುಖಕ್ಕೆ ಯಾವ ಕಾನೂನು ಅಡ್ಡ ಬಂದೀತು? ಅವಳೂ ನೀಲಿ ಕೋಟಿನಲ್ಲೇ ನಿಂತಿದ್ದಳು. ಊರಿಗೆ ಹೋದಾಗ ಅಪ್ಪನಿಗೆ ಕೊಡೋಣವೆಂದು ತನ್ನ ಹಸಿರು ಕೋಟನ್ನು ಮಳೆಗಾಲದ ಮೊದಲೇ ಆಫೀಸಿನ ಬಾಗಿಲ ಹಿಂದೆ ನೇತುಹಾಕಿ ಮರೆತಿದ್ದಳು.

ಕಾಂತೇಶ ಕಾಯುತ್ತಿದ್ದುದು ಮಾವನ ಆ ಹೆಮ್ಮೆಯನ್ನು.

ಲಿಂಗಪ್ಪ ಕೋಟು ಬಿಚ್ಚಿ, ಝಾಡಿಸಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ. ಕಾಲರಿನ ಒಳಗೆ ಅಳಿಸದ ಶಾಯಿಯಲ್ಲಿ ಕಾಂತೇಶನ ನಂಬರಿತ್ತು. ಪಡೆಯ ಪ್ರತಿ ಕೋಟಿಗೂ ತೊಡುವವರ ನಂಬರು ಹಾಗೆ ಬರೆದಿರುತ್ತದೆ. ಅವಳು ಬೆನ್ನು ತಿರುಗಿಸಿ ಟಾರ್ಚು ಬಿಟ್ಟಳು.

ಪಟ್ಟಿ ಹೊಳೆಯಲಿಲ್ಲ.

ಟಾರ್ಚನ್ನು ಹತ್ತಿರ ತಂದಳು. ಬೂದಿ ಬಣ್ಣದ ಪಟ್ಟಿ ಬೂದಿ ಬಣ್ಣದಲ್ಲೇ ಉಳಿಯಿತು. ಮಳೆಗೆ ನೆನೆದು ಅದರ ಬೆಳ್ಳಿ ಎದ್ದು ಹೋಗಿತ್ತು. ಉಗುರಿನಿಂದ ಕೆರೆದರೆ ಬಣ್ಣದ ಪುಡಿ ಉದುರಿತು.

ಕೃಷ್ಣಪ್ಪ ಕುರ್ಚಿ ದಾಟಿಕೊಂಡು ಮುಂದೆ ಬಂದ. ಎರಡೂ ಕೋಟನ್ನು ಮತ್ತೆ ಮತ್ತೆ ನೋಡಿದ.

"ಇದಲ್ಲ ಮೇಡಂ," ಎಂದ. "ನನ್ನ ಕಣ್ಣು ಕುಕ್ಕಿದ್ದು ಇದಲ್ಲ. ಆ ಹುಡುಗಂಗೆ ನಾನು ಅನ್ಯಾಯ ಮಾಡ್ದೆ."

ಕಂಬದ ಬಳಿ ಕಾಂತೇಶ ಮುಖ ಮುಚ್ಚಿಕೊಂಡ. ಯಾರೋ ಅವನ ಹೆಗಲ ಮೇಲೆ ಕೈ ಇಟ್ಟರು. ಸಭೆ ನಿಟ್ಟುಸಿರು ಬಿಟ್ಟಿತು. ಅಲ್ಲಿಗೇ ಮುಗಿಸಿದ್ದರೆ ಎಲ್ಲರೂ ಸಂತೋಷವಾಗಿ ಮನೆಗೆ ಹೋಗುತ್ತಿದ್ದರು.

ಆದರೆ ನಿನ್ನೆ ಚುಚ್ಚಿದ ಮಾತು ಈಗ ಸರ್ವಮಂಗಳಾ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಪೇಟೆ ಗಿರಾಕಿ ಪರೀಕ್ಷೆ ಮಾಡುತ್ತಾನೆ, ಅವನಿಗೆ ಒಳ್ಳೇ ಮಾಲು. ಹಾಗಾದರೆ ಪರೀಕ್ಷೆ ಮಾಡದೆ ನಂಬಿ ತೆಗೆದುಕೊಂಡವರಿಗೆ?

"ಮಗನೋ ಅಳಿಯನೋ ಕೊಟ್ಟ ಪಡೆ ಕೋಟು ಯಾರ ಹತ್ರ ಇದೆ? ಎದ್ದು ನಿಂತ್ಕೊಳ್ಳಿ. ಯಾರ ಮೇಲೂ ಕ್ರಮ ಇಲ್ಲ. ಇದು ನನ್ನ ಮಾತು."

ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬರು ಎದ್ದರು, ಪಕ್ಕದಲ್ಲಿ ಇನ್ನೊಬ್ಬರು. ಅಪ್ಪಂದಿರು, ಮಾವಂದಿರು, ಸೀರೆಯ ಮೇಲೆ ಕೋಟು ತೊಟ್ಟ ಒಬ್ಬಳು ಅಜ್ಜಿ. ಅಜ್ಜಿ ಎದೆಯ ಮೇಲಿನ ಹಕ್ಕಿ ಕಾಣುವ ಹಾಗೆ ಸೆರಗು ಸರಿಸಿಕೊಂಡೇ ಎದ್ದಳು. ಗೋಡೆಯ ಗುಂಟ ನಿಂತ ಪೊಲೀಸರೆಲ್ಲ ನೆಲ ನೋಡುತ್ತಿದ್ದರು. ಸರ್ವಮಂಗಳಾಗೆ ಆ ಗಳಿಗೆಯಲ್ಲಿ ನಗು ಬಂತು, ಅಳುವೂ ಬಂತು. ಇಂಥ ಕಳ್ಳರ ಪಡೆಗೆ ತಾನು ಇನ್‌ಸ್ಪೆಕ್ಟರ್ ಎನ್ನಿಸಿ ಎದೆಯುಬ್ಬಿತು.

ಸರೋಜ ಟಾರ್ಚು ಹಿಡಿದು ಸಾಲಿನ ಹಿಂದೆ ನಡೆದಳು. ಒಂದೊಂದು ಬೆನ್ನಿಗೂ ಬೆಳಕು ಬಿಟ್ಟಳು. ಒಂದೂ ಹೊಳೆಯಲಿಲ್ಲ.

ನಡುನಡುವೆ ಕೂತಿದ್ದ ಅಂಗಡಿ ಕೋಟಿನವರ ಬೆನ್ನು ಮಾತ್ರ ಟಾರ್ಚು ತಾಗಿದಾಗೆಲ್ಲ ಝಗ್ಗೆನ್ನುತ್ತಿತ್ತು. ಷೋಕಿಗೆ ಕೊಂಡವರಿಗೆ ಅಸಲಿ ಪಟ್ಟಿ. ಕತ್ತಲೆ ರಸ್ತೆಯಲ್ಲಿ ನಿಲ್ಲುವವರಿಗೆ ಬಣ್ಣ ಬಳಿದ ಬಟ್ಟೆ.

ಸರ್ವಮಂಗಳಾ ದೀಪ ಹಾಕಿಸಿದಳು. ಮೈಕು ಹಿಡಿದಾಗ ಅವಳ ಧ್ವನಿಯಲ್ಲಿ ಸಿಟ್ಟು ಕುದಿಯುತ್ತಿತ್ತು.

"ನಮ್ಮ ಹುಡುಗರು ಹೊಸ ಕೋಟು ಮನೆಗೆ ಕೊಟ್ಟು ಹಳೇದು ಹಾಕ್ಕೊಂಡ್ರು. ಅದಕ್ಕೇ ಉಳ್ಕೊಂಡ್ರು. ಹಳೇ ಕೋಟು ಇಲ್ದೇ ಇದ್ದವನು ಈ ವರ್ಷ ಸೇರಿದ ರಾಕೇಶ ಒಬ್ಬನೇ. ಇದನ್ನ ನಂಬಿ ತೊಟ್ಟು ರಸ್ತೇಲಿ ನಿಂತ. ಲಾರಿ ಡ್ರೈವರ್ ಸುಳ್ಳು ಹೇಳಿರಲಿಲ್ಲ. ಅವನಿಗೆ ಕಾಣಲೇ ಇಲ್ಲ."

"ಇಲ್ಲ ಮೇಡಂ."

ಮಾತು ಬಂದದ್ದು ಬಲಗಡೆಯ ಕುರ್ಚಿಯಿಂದ. ಅರ್ಜಿ ಹಾಕಿದ ಸುಬ್ಬರಾಯರು ಎದ್ದು ನಿಂತಿದ್ದರು. ತೆಳ್ಳಗಿನ ಮನುಷ್ಯ, ಬಗಲಲ್ಲಿ ಬಟ್ಟೆಯ ಚೀಲ. ಇಷ್ಟು ಹೊತ್ತೂ ಒಂದು ಪ್ರಶ್ನೆ ಕೇಳಿರಲಿಲ್ಲ.

"ರಾಕೇಶ ಅದನ್ನ ನಂಬಿರಲಿಲ್ಲ. ಅರ್ಜಿಗೆ ಸಹಿ ನಂದು, ಆದ್ರೆ ಬರೆಸಿದ್ದು ಅವನೇ. ಮೆಣಸೇಲಿ ನಮ್ಮ ಪಕ್ಕದ ಮನೆ ಹುಡುಗ. ಪಡೇಲಿ ಇದ್ದುಕೊಂಡು ಪಡೆ ಮೇಲೆ ನಾನೇ ಅರ್ಜಿ ಹಾಕಿದ್ರೆ ಚಂದ ಅಲ್ಲ ಮಾಮ, ನೀವು ಕೇಳಿ ಅಂದ. ನಮ್ಮ ಪಡೆ ಕೇಳಿದ್ರೆ ಸುಳ್ಳು ಹೇಳಲ್ಲ, ಯಾರಾದ್ರೂ ಕೇಳಬೇಕು ಅಷ್ಟೇ ಅಂದ. ಉತ್ತರ ಎಲ್ಲರೆದುರು ಬರೋ ತನಕ ನನ್ನ ಹೆಸರು ಎತ್ತಬೇಡಿ ಅಂತ ಮಾತು ತಗೊಂಡಿದ್ದ."

ನಮ್ಮ ಪಡೆ ಕೇಳಿದರೆ ಸುಳ್ಳು ಹೇಳುವುದಿಲ್ಲ. ಸರ್ವಮಂಗಳಾ ಕಣ್ಣು ಮುಚ್ಚಿ ತೆರೆದಳು. ಸೇರಿ ವರ್ಷವಾಗದ ಹುಡುಗ ಪಡೆಯನ್ನು ಅವಳಿಗಿಂತ ಹೆಚ್ಚು ನಂಬಿದ್ದ.

ಸುಬ್ಬರಾಯರು ಚೀಲಕ್ಕೆ ಕೈ ಹಾಕಿ ಹಸಿರು ಕೋಟೊಂದನ್ನು ಹೊರತೆಗೆದರು.

"ಇದು ಅವನ ಕೋಟು. ಲಾರಿ ಬಡಿಯೋ ಹಿಂದಿನ ದಿನ ನಮ್ಮ ಮನೇಲಿ ಬಿಚ್ಚಿಟ್ಟು ಹೋದ. ಇನ್ನು ಇದನ್ನ ತೊಡಲ್ಲ, ಸಾಕ್ಷಿಗೆ ಜೋಪಾನವಾಗಿಡಿ ಅಂದ. ಅಂದಿನಿಂದ ನಮ್ಮನೇಲೇ ಇದೆ. ಅವನು ಕೋಟು ತೊಟ್ಟು ನಿಂತಿದ್ದ ಅಂತ ನೀವು ಈಗ ಹೇಳಿದ್ರಲ್ಲ, ನಂಗೆ ಅದೇ ಗೊತ್ತಿರಲಿಲ್ಲ."

ಅವಳು ಕಾಲರು ತಿರುಗಿಸಿದಳು. ರಾಕೇಶನ ನಂಬರು, ಅನುಮಾನವಿಲ್ಲ.

ಮುಂದಿನ ಸಾಲಿನಲ್ಲಿ ಉಮಾಮಹೇಶ್ವರನ ಮುಖ ಬಿಳಿಚಿಕೊಂಡಿತ್ತು. ಪಟ್ಟಿಯ ಮೋಸ ಬಯಲಾದಾಗ ಅಷ್ಟು ಬಿಳಿಚಿರಲಿಲ್ಲ. ಈ ಸುದ್ದಿ ಅವನಿಗೂ ಹೊಸದಿರಬೇಕೆಂದು ಅವಳಿಗೆ ಅನ್ನಿಸಿತು. ಅದು ಅವಳನ್ನು ಇನ್ನಷ್ಟು ಕಂಗೆಡಿಸಿತು.

ರಸ್ತೆಯಲ್ಲಿ ರಾಕೇಶ ಸಿಕ್ಕಾಗ ಅವನ ಮೈಮೇಲೆ ಹಸಿರು ಕೋಟು ಇದ್ದದ್ದು ನಿಜ. ರಕ್ತವಾಗಿದ್ದ ಆ ಕೋಟು ಪಕ್ಕದ ಠಾಣೆಯ ಸಾಕ್ಷಿ ಸಾಮಾನಿನ ಕೋಣೆಯಲ್ಲಿ ಗಂಟು ಕಟ್ಟಿದಂತೆಯೇ ಬಿದ್ದಿತ್ತು. ಅವನದಲ್ಲದೆ ಇನ್ಯಾರದು ಎಂದು ಯಾರೂ ಕಾಲರು ಮಗುಚಿ ನೋಡಿರಲಿಲ್ಲ. ಅವಳು ಕಣ್ಣಲ್ಲೇ ಹೇಳಿದಳು. ಸರೋಜ ಮಳೆಯಲ್ಲಿ ಓಡಿದಳು.

ಇಡೀ ಭವನ ಕಾದು ಕೂತಿತು. ಯಾರೂ ಎದ್ದು ಹೋಗಲಿಲ್ಲ. ಲಿಂಗಪ್ಪ ಮಾತ್ರ ಎದ್ದು ಹೋಗಿ ಅಳಿಯನ ಪಕ್ಕದಲ್ಲಿ ನಿಂತ.

ಫೋನು ಬಂತು. ಸರೋಜ ಏದುಸಿರು ಬಿಡುತ್ತಿದ್ದಳು. ಗಂಟು ಬಿಚ್ಚಿದೆ, ನಂಬರು ಇದೆ ಎಂದಳು. ಮೇಡಂ, ನಿಮ್ಮ ಆಫೀಸಿಗೂ ಹೋಗಿ ನೋಡಿ ಬಂದೆ, ಬಾಗಿಲ ಹಿಂದಿನ ಮೊಳೆ ಖಾಲಿ ಇದೆ ಎಂದಳು.

ಸರ್ವಮಂಗಳಾ ಫೋನು ಕೆಳಗಿಟ್ಟಳು. ಎದುರಿಗೆ ಮೂರು ತಾಲೂಕಿನ ಜನ, ಗೋಡೆಯ ಗುಂಟ ಅವಳ ಹುಡುಗರು. ಏನಂತೆ ಎಂದು ಎಲ್ಲರ ಕಣ್ಣೂ ಕೇಳುತ್ತಿದ್ದವು. ಈಗಲ್ಲ, ಆಮೇಲೆ ಹೇಳುತ್ತೇನೆ ಎಂದರೆ ಸಾಕಿತ್ತು. ಕೈ ಆ ಕಡೆ ಹೋಗಿ ಮೈಕಿನ ಗುಂಡಿಯ ಮೇಲೆ ನಿಂತಿತು.

ಅವಳು ಗುಂಡಿ ಆರಿಸಲಿಲ್ಲ.

"ನಂಬರು ಸಿಕ್ಕಿತು," ಎಂದಳು. "ರಾಕೇಶನ ಮೈಮೇಲಿದ್ದ ಕೋಟು ನನ್ನದು."